ಪೇಪರ್ ನೌಕರಿ ಬಿಟ್ಟು ತಿರುಗಾಡಾಕ ಹೋದ್ರ ಕಥಿ ಬರ್ತಾವೇನು?

ಪ್ರಶ್ನೆ: ಅಕ್ಕಾರ, ನಮಸ್ಕಾರ. ನಾನು ಸವಣೂರ ತಾಲೂಕಿನಾಕಿ, ಹುಬ್ಬಳ್ಳಿಯೊಳಗ ಒಂದು ದಿನಪತ್ರಿಕಿಗೆ ವರದಿಗಾರ್ತಿ ಆಗಿ ನಾಕು ವರ್ಷ ಆತು. ಕಾಲೇಜಿನಾಗ ಕಥಿ ಬರೀತಿದ್ದೆ, ಬಹುಮಾನನೂ ಬಂದಿದ್ವು. ಈಗ ಏನು ಬರದ್ರೂ ವರದಿ ಆಗಿಬಿಡತೈತಿ. ಬ್ಯಾಡಗಿ ಮಾರ್ಕೆಟ್ಟಿನಾಗ ಮೆಣಸಿನಕಾಯಿ ತೊಟ್ಟು ಮುರಿಯೋ ಹೆಣ್ಮಗಳೊಬ್ಬಾಕಿ ಮ್ಯಾಲ ಕಥಿ ಬರದು ಒಂದು ವಾರಪತ್ರಿಕಿಗೆ ಕಳಿಸಿದ್ದೆ, "ಒಳ್ಳೆಯ ವರದಿ, ಕಥೆಯಾಗಿಲ್ಲ" ಅಂತ ಒಂದ ಸಾಲು ಬರದು ವಾಪಸ್ ಕಳಿಸ್ಯಾರ. ನಮ್ಮ ಆಫೀಸಿನ ಹಿರಿಯರೊಬ್ಬರು "ಸಾಹಿತ್ಯ ಮಾಡೋರು ಪೇಪರ್‌ನಾಗ ಮೂರು ವರ್ಷದ ಮ್ಯಾಲ ಇರಬಾರದು, ಕೈ ಕೆಡತೈತಿ" ಅಂತಾರ. ನನ್ನ ಗೆಳತಿ ಒಬ್ಬಾಕಿ ನೌಕರಿ ಬಿಟ್ಟು ಹಿಮಾಚಲ, ಲಡಾಖ್ ತಿರುಗಿ ಬಂದು ಪ್ರವಾಸಕಥನ ಪ್ರಿಂಟ್ ಮಾಡಿಸ್ಯಾಳ. ನನ್ನ ಹತ್ರ ಎರಡು ಲಕ್ಷ ಉಳಿತಾಯ ಐತಿ, ನಾನೂ ಬಿಟ್ಟು ಆರು ತಿಂಗಳು ತಿರುಗಾಡ್ಲೇನು? ಇನ್ನೊಂದು ಮಾತು, ಬ್ಯಾಡಗಿ ಹೆಣ್ಮಗಳು ತನ್ನ ಮನಿ ವಿಷಯ ಒಂದು ಹೇಳಿ "ಇದನ್ನ ಪೇಪರ್‌ನಾಗ ಹಾಕಬ್ಯಾಡವಾ" ಅಂದಿದ್ಲು. ಪೇಪರ್‌ನಾಗ ಹಾಕಿಲ್ಲ, ಆದ್ರ ಕಥಿಯೊಳಗ ಹಾಕೀನಿ. ತಪ್ಪೇನು? ವರದಿ, ಕಥಿ ಎರಡೂ ಜೋಡಿಸೀನಿ. ನನ್ನ ಹೆಸರು ಹಾಕಬ್ಯಾಡ್ರಿ.

ಉತ್ತರ: ತಂಗಿ, ನಿಮ್ಮ ವರದಿ, ನಿಮ್ಮ ಕಥಿ ಎರಡೂ ಬಾಜೂಕ ಇಟ್ಕೊಂಡು ಓದಿದೆ. ಪೇಪರ್ ನನ್ನ ಕೈ ಕೆಡಿಸೇತಿ, ತಿರುಗಾಟ ಅದನ್ನ ನೆಟ್ಟಗ ಮಾಡತೈತಿ ಅಂತ ನಿಮ್ಮ ತಲಿಯೊಳಗ ಕುಂತೈತಿ. ಎರಡರಾಗೂ ಅರ್ಧರ್ಧ ಖರೆ ಐತಿ, ಆದ್ರ ಯಾವ ಅರ್ಧ ಅನ್ನೋದು ನೀವು ಅಂದ್ಕೊಂಡಿದ್ದಕ್ಕ ಉಲ್ಟಾ ಐತಿ. ನೌಕರಿ ಬಿಡೋ ಮುಂಚೆ ಬರದ್ರಿ, ಚಲೋ ಮಾಡಿದ್ರಿ.

ಮೊದಲ ಆ ಹಿರಿಯರ ಮಾತು ನೋಡೋಣು. ಇದು ಎಲ್ಲಾ ಪೇಪರ್ ಆಫೀಸಿನಾಗೂ ಚಹಾದ ಹೊತ್ತಿಗೆ ಬರೋ ಮಾತು, ನಾನು ಡೆಸ್ಕಿನಾಗ (ಸುದ್ದಿ ತಿದ್ದೋ ವಿಭಾಗದಾಗ) ಇದ್ದಷ್ಟು ವರ್ಷ ಕೇಳೀನಿ, ಹೇಳೋರು ಬಹಳ ಮಟ್ಟಿಗೆ ತಾವು ಬರೀಬೇಕಂತ ಇದ್ದು ಬರೀದವರ ಆಗಿರ್ತಾರ. ನಮ್ಮ ಕಡೇದ ಇತಿಹಾಸ ಬ್ಯಾರೇನ ಹೇಳತೈತಿ. ಇದ ಹುಬ್ಬಳ್ಳಿಯೊಳಗ 'ಸಂಯುಕ್ತ ಕರ್ನಾಟಕ'ದ ಮನ್ಯಾಗನ 'ಕರ್ಮವೀರ'ನೂ ಬರ್ತಿತ್ತು, 'ಕಸ್ತೂರಿ'ನೂ ಬರ್ತಿತ್ತು, ಮುಂಜಾನಿ ಸುದ್ದಿ ತಿದ್ದಿದವರು ಮಧ್ಯಾಹ್ನ ಕಥಿ ತಿದ್ದತಿದ್ರು. ಬಸವರಾಜ ಕಟ್ಟೀಮನಿ ಅವ್ರು ಪತ್ರಕರ್ತರಾಗಿದ್ದವರು, ಪತ್ರಿಕಾಲಯದೊಳಗಿನ ಬದುಕನ್ನ, ಅಲ್ಲಿ ದುಡಿಯೋರ ಗೋಳನ್ನ 'ಜ್ವಾಲಾಮುಖಿಯ ಮೇಲೆ' ಅಂತ ಕಾದಂಬರಿ ಮಾಡಿದ್ರು, ಅದಕ್ಕ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂತು. ಈಗಿನವರ ಹೆಸರು ಬೇಕಂದ್ರ ಬಾನು ಮುಷ್ತಾಕ್, 1980ರ ದಶಕದಾಗ 'ಲಂಕೇಶ್ ಪತ್ರಿಕೆ'ಗೆ ವರದಿ ಮಾಡಿದಾಕಿ, ಆಮ್ಯಾಲ ವಕೀಲಿಕಿ ಮಾಡಿದ್ರು, ದೀಪಾ ಭಾಸ್ತಿ ಅವ್ರು ಇಂಗ್ಲಿಷಿಗೆ ತಂದ ಅವರ ಕಥಿಗಳ ಪುಸ್ತಕಕ್ಕ 2025ರಾಗ ಇಂಟರ್‌ನ್ಯಾಷನಲ್ ಬುಕರ್ ಬಂತು. ಪೊಲೀಸ್ ಸ್ಟೇಷನ್ನು, ಕೋರ್ಟು, ಅರ್ಜಿ ಹಿಡ್ಕೊಂಡು ಬಂದ ಹೆಣ್ಮಕ್ಕಳು, ಇಂಥಾದ್ದು ಮನ್ಯಾಗ ಕುಂತು ಬರಿಯಾವ್ರಿಗೆ ಎಲ್ಲಿ ಸಿಗಬೇಕು.

ಪೇಪರ್ ಭಾಷಾ ಸಪ್ಪಗ, ಅದ ಕೈ ಕೆಡಸ್ತೈತಿ ಅನ್ನೋದೂ ಸುಳ್ಳ. ಅಮೆರಿಕಾದ ಕಥಿಗಾರ ಹೆಮಿಂಗ್ವೇ 1917ರಾಗ, ಹದಿನೆಂಟನೇ ವಯಸ್ಸಿಗೆ, ಕಾನ್ಸಾಸ್ ಸಿಟಿ ಸ್ಟಾರ್ ಅನ್ನೋ ಪೇಪರ್ ಸೇರಿದಾಗ ಅಂವಗ ಒಂದು ನಿಯಮದ ಹಾಳಿ ಕೊಟ್ಟಿದ್ರು, ಸಣ್ಣ ಸಣ್ಣ ವಾಕ್ಯ ಬರೀರಿ, ಮೊದಲ ಪ್ಯಾರಾ ಸಣ್ಣದಿರ್ಲಿ ಅಂತ ಶುರು ಆಗತೈತಿ ಅದು. ತಾನು ಕಲಿತದ್ರಾಗ ಅದ ಚಲೋ ನಿಯಮ ಅಂತ ಅಂವ ಆಮ್ಯಾಲ ಹೇಳ್ಯಾನ. ಆದ್ರ ಆ ಹಾಳಿ ಆ ಆಫೀಸಿನಾಗ ಎಲ್ಲಾರ ಕೈಗೂ ಹೋಗಿತ್ತು, ಎಲ್ಲಾರೂ ಹೆಮಿಂಗ್ವೇ ಆಗ್ಲಿಲ್ಲ ಅನ್ನೋದನ್ನೂ ನೆನಪಿಡಬೇಕು.

ಹಂಗಾದ್ರ ನಿಮ್ಮ ಕಥಿಗೆ ಏನಾಗೇತಿ? ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಕಥಿಯೊಳಗ ಆ ಹೆಣ್ಮಗಳ ಹೆಸರು ಮೊದಲ ಸಲ ಬಂದಲ್ಲೆ ಕಂಸದಾಗ 45 ಅಂತ ವಯಸ್ಸು ಹಾಕೀರಿ! ಅದನ್ನ ನೋಡಿ ನಕ್ಕೆ, ಆಮ್ಯಾಲ ತಿಳೀತು ಇಡೀ ಕಥಿ ಆ ಕಂಸದಾಗ ಕುಂತೈತಿ ಅಂತ. ಮೊದಲ ಪ್ಯಾರಾದಾಗನ ಆಕಿ ಗಂಡ ಕುಡಿದು ಸತ್ತದ್ದು, ಸಾಲ, ಮಗಳ ಕಾಲೇಜು ಬಿಡಿಸಿದ್ದು ಎಲ್ಲಾ ಹೇಳಿ ಮುಗಿಸೀರಿ, ಯಾಕಂದ್ರ ಜಾಗ ಸಾಲಲಿಲ್ಲಂದ್ರ ಡೆಸ್ಕಿನವರು ಕೆಳಗಿಂದ ಕತ್ತರಿಸ್ತಾರ, ಅದಕ್ಕ ಮುಖ್ಯ ವಿಷಯ ಮ್ಯಾಲ ಇರಬೇಕು ಅಂತ ನಿಮ್ಮ ಕೈಗೆ ರೂಢಿ ಆಗೇತಿ. ಕಥಿನ್ನ ಯಾರೂ ಕೆಳಗಿಂದ ಕತ್ತರಿಸೂದಿಲ್ಲ. ಇನ್ನ ಪಾತ್ರಗಳು, ಒಬ್ಬೊಬ್ಬರು ಒಂದೊಂದ ಮಾತು ಆಡ್ತಾರ, ಅದೂ ವಿಷಯಕ್ಕ ಬರೋಬ್ಬರಿ ಹೊಂದೋ ಮಾತು. ದಲ್ಲಾಳಿ ರೇಟಿನ ಬಗ್ಗೆ, ಮಗಳು ಕಾಲೇಜಿನ ಬಗ್ಗೆ, ಬಾಜೂ ಮನಿಯಾಕಿ ಸಾಲದ ಬಗ್ಗೆ. ಖರೆ ಮನುಷ್ಯಾರು ಹಂಗ ಮಾತಾಡ್ತಾರೇನು? ಹೈರಾಣಾದ ಹೆಣ್ಮಗಳು ನಡುವ ಬಸ್ಸಿನ ಟೈಮು ಕೇಳ್ತಾಳ, ಇನ್ನೊಬ್ಬಾಕಿ ಸೀರಿ ಬಣ್ಣ ನೋಡಿ ಏನರ ಅಂತಾಳ. ವರದಿಯೊಳಗ ಅದೆಲ್ಲಾ ಕಸ ಅಂತ ತಗದು ಒಗೀತೀವಿ. ಕಥಿಗೆ ಆ ಕಸಾನ ಬೇಕು.

ಭಾಷಾದ ಬಗ್ಗೆ ಬಂದ್ರ, ನಿಮ್ಮ ತ್ರಾಸ ಸಪ್ಪ ಬರದದ್ದಲ್ಲ. "ಅಳಲು ತೋಡಿಕೊಂಡಳು" ಅಂತ ಮೂರು ಕಡೆ ಐತಿ, "ಕಣ್ಣಾಲಿಗಳು ತುಂಬಿ ಬಂದವು" ಅಂತ ಎರಡು ಕಡೆ, ಕಡೀಕ "ಆಕ್ರಂದನ ಮುಗಿಲು ಮುಟ್ಟಿತು" ಅಂತ ಮುಗಿಸೀರಿ. ಪೇಪರ್‌ನವರ ಖರೆ ರೋಗ ಇದು, ರೆಡಿಮೇಡ್ ದುಃಖ. ಸಂಜೀಕ ಏಳು ಗಂಟೆಕ್ಕ ಕಾಪಿ ಕೊಡಬೇಕು, ಜಿಲ್ಲಾ ಪುಟ ಲಗೂನ ಕ್ಲೋಸ್ ಆಗತೈತಿ, ಅಪಘಾತದಾಗ ಸತ್ತವರ ಮನ್ಯಾಗ ಇಪ್ಪತ್ತು ನಿಮಿಷ ನಿಂತು ಬಂದಾಕಿಗೆ ಆ ಮನ್ಯಾಗಿನ ಅಳು ಎಂಥಾದ್ದಿತ್ತು ಅಂತ ವಿಚಾರ ಮಾಡಾಕ ಟೈಮ್ ಇರೂದಿಲ್ಲ, ಕೈಗೆ ಸಿಕ್ಕ ವಾಕ್ಯ ಹಾಕ್ತಾಳ. ದಿನಾ ಹಿಂಗ ಮಾಡಿ ಮಾಡಿ ಎಲ್ಲಾರ ಅಳುನೂ ಒಂದ ಆಗಿಬಿಡತೈತಿ.

ನಿಮ್ಮ ವರದಿಯೊಳಗ ಒಂದು ಸಾಲು ಐತಿ, ನಿಮ್ಮ ಡೆಸ್ಕಿನವರು ಅದನ್ನ ಹೆಂಗ ಉಳಿಸ್ಯಾರೋ ಗೊತ್ತಿಲ್ಲ: ತೊಟ್ಟು ಮುರಿದು ಮನೀಗೆ ಹೋದ ಮ್ಯಾಲ ಕೈ ಉರಿ ಹೋಗೋತನಕ ಆಕಿ ಮೊಮ್ಮಗನ್ನ ಮುಟ್ಟೂದಿಲ್ಲ, ಅಂವ ಎತ್ಕೋ ಅಂತ ಬಂದ್ರ ಮೊಣಕೈಲೆ ಸರಸ್ತಾಳ. ಈ ಸಾಲು ಕಥಿಯೊಳಗ ಇಲ್ಲ! ವರದಿಯೊಳಗ ಕಥಿ ಬಿಟ್ಟು ಬಂದೀರಿ, ಕಥಿಯೊಳಗ ವರದಿ ಬರದೀರಿ. ಮೊಣಕೈಲೆ ಮೊಮ್ಮಗನ್ನ ಸರಿಸೋ ಹೆಣ್ಮಗಳನ್ನ ನೋಡೋ ಕಣ್ಣು ನಿಮಗ ಎಲ್ಲಿಂದ ಬಂತು ಹೇಳ್ರಿ? ನಾಕು ವರ್ಷ ಮಂದಿ ಮನಿ ಬಾಗಿಲಿಗೆ ಹೋಗಿ ನಿಂತದ್ದರಿಂದನ ಬಂತು. ಹಂಗಾಗಿ ಕೈ ಕೆಟ್ಟಿಲ್ಲ. ಒಂದು ಚಟ ಹತ್ತೇತಿ, ಬೇಕಾದ ಮಾತು ಸಿಕ್ಕ ಕೂಡ್ಲೇ ಪೆನ್ನು ಮುಚ್ಚಿ ಎದ್ದು ಬರೋ ಚಟ.

ಈ ಚಟ ಬಿಟ್ಟ ವರದಿಗಾರ ಏನು ಮಾಡ್ತಾನ ಅಂತ ನೋಡಬೇಕಂದ್ರ ಕೊಲಂಬಿಯಾದ ಕಾದಂಬರಿಕಾರ ಗಾರ್ಸಿಯಾ ಮಾರ್ಕ್ವೆಜ್‌ನ ಒಂದು ಕೆಲಸ ಹೇಳ್ತೀನಿ. 1955ರಾಗ ಬೊಗೊಟಾದ ಎಲ್ ಎಸ್ಪೆಕ್ತಾದೋರ್ ಪೇಪರ್‌ನಾಗ ಅಂವ ವರದಿಗಾರ. ನೌಕಾಪಡೆ ಹಡಗಿಂದ ಸಮುದ್ರಕ್ಕ ಬಿದ್ದು, ತೆಪ್ಪದ ಮ್ಯಾಲ ಹತ್ತು ದಿನ ಅನ್ನ ನೀರಿಲ್ದ ತೇಲಿ ಉಳಿದು ಬಂದ ನಾವಿಕನೊಬ್ಬ ಆಫೀಸಿಗೆ ಬಂದ. ಅಷ್ಟೊತ್ತಿಗೆ ಅವನ ಸುದ್ದಿ ಎಲ್ಲಾ ಪೇಪರ್‌ನಾಗೂ ಬಂದು ಹಳೇದಾಗಿತ್ತು, ಸರ್ಕಾರದವರು ಸನ್ಮಾನನೂ ಮಾಡಿ ಮುಗಿಸಿದ್ರು. ಮಾರ್ಕ್ವೆಜ್ ಅವನ್ನ ಕುಂಡ್ರಿಸಿಕೊಂಡು ದಿನಕ್ಕ ಆರು ತಾಸಿನಂಗ ಇಪ್ಪತ್ತು ಬೈಠಕ್ ಮಾತಾಡ್ಸಿದ, ನಡುನಡುವ ಸಿಕ್ಕಿಸೋ ಪ್ರಶ್ನಿ ಹಾಕಿ ಮಾತು ಎಲ್ಲಿ ತಪ್ಪತೈತಿ ಅಂತ ನೋಡಿದ. ಹಡಗಿನ ಡೆಕ್ ಮ್ಯಾಲ ಕಳ್ಳಸಾಗಣಿ ಸಾಮಾನು ಹೇರಿದ್ರು ಅನ್ನೋ ಸಂಗತಿ ಹೊರಗ ಬಂದದ್ದು ಹಂಗ ಕುಂತಿದ್ದಕ್ಕ. 14 ಕಂತಿನಾಗ ನಾವಿಕನ ಬಾಯಿಂದನ ಹೇಳಿದಂಗ ಬರದ. ಬರದವರ ಹೆಸರು ಹಾಕೋ ಜಾಗದಾಗ, ಅಂದ್ರ ಬೈಲೈನ್‌ನಾಗ, ಮಾರ್ಕ್ವೆಜ್ ಹೆಸರ ಇರ್ಲಿಲ್ಲ. ಪುಸ್ತಕ ಆಗಿ ಅವನ ಹೆಸರಿಲೆ ಬಂದದ್ದು 1970ರಾಗ. ಮಂದಿ ಅಂವ ಮಾಯಾ ಮಂತ್ರದ ಕಾದಂಬರಿಕಾರ ಅಂತ ಅಷ್ಟ ತಿಳ್ಕೊಂಡಾರ. ನಂಬಲಾರದ್ದನ್ನ ಹೇಳೋವಾಗ ದಿನ, ತಾಸು, ಲೆಕ್ಕ ಎಲ್ಲಾ ಖಡಕ್ ಹೇಳೋ ರೂಢಿ ಅಂವಗ ಪೇಪರ್‌ನಿಂದ ಬಂದದ್ದು.

ಅಮೆರಿಕಾದ ಕಾದಂಬರಿಕಾರ ಸ್ಟೈನ್‌ಬೆಕ್‌ದೂ ಇದ ದಾರಿ. 1936ರಾಗ ಕ್ಯಾಲಿಫೋರ್ನಿಯಾದ ವಲಸೆ ಕೂಲಿಗಾರರ ಕ್ಯಾಂಪು ತಿರುಗಿ ಒಂದು ಪೇಪರ್‌ಗೆ ಸರಣಿ ಲೇಖನ ಬರದ, ಅದು ಮುಗೀತು ಅಂತ ಬಿಡಲಿಲ್ಲ, ಮತ್ತ ಹೋದ, ಮತ್ತ ಹೋದ, 1939ರಾಗ ಅದು ಕಾದಂಬರಿ ಆಗಿ ಬಂತು.

ಈಗ ತಿರುಗಾಟದ ಮಾತು. ನಿಮ್ಮ ಗೆಳತಿ ಪುಸ್ತಕದ ಬಗ್ಗೆ ನಾ ಏನೂ ಹೇಳೂದಿಲ್ಲ, ಓದಿಲ್ಲ. ಆದ್ರ ದೂರ ಹೋದಷ್ಟು ಬರಹ ಆಳ ಆಗತೈತಿ ಅನ್ನೋದು ಟ್ರಾವೆಲ್ ಏಜೆಂಟರ ಮಾತು. ನಿಮ್ಮ ಸವಣೂರಿನವರ ವಿ.ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಓದಾಕ ಹೋದ್ರಲ್ಲಾ, ಆ ಹಡಗಿನ ಪಯಣದಿಂದ 'ಸಮುದ್ರ ಗೀತೆಗಳು' ಬಂದ್ವು. ಅಲ್ಲೆ ನೋಡ್ರಿ, ವಿಲಾಯತಿ ಬಿಲ್ಡಿಂಗು, ಮ್ಯೂಸಿಯಂ ಇದ್ಯಾವುದೂ ಕವಿತಾದ ಹೆಸರಿಗೆ ಏರಲಿಲ್ಲ, ಎರೀ ಭೂಮಿ ಊರಿನ ಮನುಷ್ಯಾನ ಸುತ್ತ ದಿನಗಟ್ಟಲೆ ಬರೇ ನೀರು ಇದ್ದಾಗ ಬಂದದ್ದದು.

ಚೆಕಾಫ್ 1890ರಾಗ ರಷ್ಯಾದ ಆ ತುದಿಯೊಳಗಿನ ಸಖಾಲಿನ್ ದ್ವೀಪಕ್ಕ ಹೋದ. ಕೈದಿಗಳನ್ನ ಕಳಿಸೋ ಜಾಗ. ಆಗ ಸೈಬೀರಿಯಾಕ್ಕ ರೈಲಿಲ್ಲ, ಕುದುರಿ ಗಾಡಿ, ದೋಣಿ, ಕೆಸರು, ಅಂವಗ ಟಿಬಿ ಬ್ಯಾರೆ. ಅಲ್ಲೆ ಮೂರು ತಿಂಗಳು ಇದ್ದು ಏನು ಮಾಡಿದ ಅಂದ್ರ, ಕಾರ್ಡು ಪ್ರಿಂಟ್ ಮಾಡಿಸ್ಕೊಂಡು ಮನಿ ಮನಿಗೆ ಹೋಗಿ ಜನಗಣತಿ ಮಾಡಿದ, ಹೆಚ್ಚುಕಡಿಮಿ ಹತ್ತು ಸಾವಿರ ಮಂದೀದು. ಹೆಸರು, ವಯಸ್ಸು, ಯಾವಾಗ ಬಂದೆ, ಲಗ್ನ ಆಗೇತೇನು, ಓದಾಕ ಬರತೈತೇನು. ಅವನಂಥಾ ಕಥಿಗಾರ ಇಂಥಾ ಶ್ಯಾನಭೋಗಿಕಿ ಯಾಕ ಮಾಡಿದ? ನನಗ ಅನ್ನಿಸೋದು, ಪ್ರಶ್ನಿ ಕೇಳೋ ನೆವಕ್ಕ ಎಲ್ಲಾ ಮನಿ ಒಳಗ ಹೋಗಾಕ ಆತು, ಒಂದ ಪ್ರಶ್ನಿಗೆ ಒಬ್ಬೊಬ್ಬರು ಹೆಂಗ ಬ್ಯಾರೆ ಬ್ಯಾರೆ ಮಾರಿ ಮಾಡ್ತಾರ ಅಂತ ನೋಡಾಕ ಆತು. ಹೊಳ್ಳಿ ಬಂದು ಆ ದ್ವೀಪದ ಮ್ಯಾಲ ದೊಡ್ಡ ಪುಸ್ತಕ ಬರದ, ಅದು ಕಥಿ ಅಲ್ಲ. ಆ ಪ್ರವಾಸದಿಂದ ಹುಟ್ಟಿದ ಕಥಿ ಬೆರಳೆಣಿಕಿ ಅಷ್ಟ. ಹೊಳ್ಳಿ ಬರೋ ಹಡಗಿನಾಗ ಸತ್ತವರನ್ನ ಬಟ್ಟಿಯೊಳಗ ಹೊಲಿದು ಸಮುದ್ರಕ್ಕ ಬಿಟ್ಟದ್ದನ್ನ ನೋಡಿದ್ದ, ಅದು 'ಗೂಸೆಫ್' ಅನ್ನೋ ಕಥಿ ಆತು. ಆರು ತಿಂಗಳು ತಿರುಗಿದ್ರ ಒಂದು ಸಂಕಲನ ಆಗತೈತಿ ಅಂತ ಲೆಕ್ಕ ಹಾಕಿದ್ರ ಅದನ್ನ ಈಗ ಬಿಡ್ರಿ.

ಆದ್ರೂ ತಿರುಗಾಟದಿಂದ ವರದಿಗಾರರಿಗೆ ಒಂದು ದೊಡ್ಡ ಫಾಯದೆ ಐತಿ, ಅದನ್ನ ಯಾರೂ ಹೇಳೂದಿಲ್ಲ. ನಾವು ಪೇಪರ್‌ನವರು ಎಲ್ಲೆ ಹೋದ್ರೂ ಕೊಳ್ಳಾಗ ಐಡಿ ಕಾರ್ಡು, ಗಾಡಿ ಮ್ಯಾಲ ಪ್ರೆಸ್ ಸ್ಟಿಕ್ಕರ್. ಮಂದಿ ಖುರ್ಚಿ ಒರಸಿ ಹಾಕ್ತಾರ, ಚಹಾ ತರಸ್ತಾರ, ಅವರೂ ಪೇಪರ್‌ಗೆ ಹೊಂದೋ ಮಾತ ಆಡ್ತಾರ, ಅವರಿಗೂ ಗೊತ್ತಿರತೈತಿ ನಿಮಗ ಏನು ಬೇಕು ಅಂತ. ಗುರುತಿಲ್ಲದ ಊರಿಗೆ ಕಾರ್ಡಿಲ್ದ ಹೋದ್ರ ನಿಮಗ ಖುರ್ಚಿ ಇಲ್ಲ. ಕುಡಿಯಾಕ ನೀರು ಕೇಳಬೇಕು, ಬಸ್ಸು ಯಾವಾಗ ಅಂತ ಕೇಳಬೇಕು, "ಯಾರ ಪೈಕಿ ಬೇ ನೀ?" ಅಂತ ಅವ್ರು ನಿಮ್ಮನ್ನ ಸಂದರ್ಶನ ಮಾಡ್ತಾರ. ಪ್ರಶ್ನಿಗೆ ಉತ್ತರ ಕೊಡೋದು ಎಷ್ಟು ಮುಜುಗರ ಅಂತ ಆಗ ತಿಳೀತೈತಿ. ಇದಕ್ಕ ಲಡಾಖ್ ಬೇಕಾಗಿಲ್ಲ, ಮುಂಡರಗಿ ಸಾಕು.

ಹಂಗಾದ್ರ ಏನು ಮಾಡಬೇಕು. ನೌಕರಿ ಬಿಟ್ಟು ಹೋಗೋದ್ರಾಗ ನನಗ ಕಾಣೋ ಅಪಾಯ ರೊಕ್ಕದ್ದು. ಎರಡು ಲಕ್ಷ ಆರು ತಿಂಗಳಿಗೆ ಹಂಚಿದ್ರ ತಿಂಗಳಿಗೆ 33 ಸಾವಿರ ಚಿಲ್ಲರ, ತಿರುಗಾಡಾಕ ಸಾಕಾಗಬಹುದು. ಆದ್ರ ಬರಿಯೋದು ತಿರುಗೋ ಮುಂದ ಅಲ್ಲ, ಹೊಳ್ಳಿ ಬಂದ ಮ್ಯಾಲ, ಆವಾಗ ಬ್ಯಾಂಕಿನಾಗ ಸೊನ್ನಿ ಇರತೈತಿ, ಸಿಕ್ಕ ನೌಕರಿಗೆ ಸೇರ್ತೀರಿ, ನೋಟ್‌ಬುಕ್ಕು ಅಟ್ಟದ ಮ್ಯಾಲ. ಇದನ್ನ ನಾನು ನನ್ನ ಕಣ್ಣೆದುರಿಗೇನ ಕೆಲವರ ಬಾಳೇದಾಗ ಕಂಡೀನಿ. ಬಿಡೋದ ಆದ್ರ ಉಳಿತಾಯದಾಗ ಅರ್ಧಕ್ಕಿಂತ ಹೆಚ್ಚು ಬರಿಯೋ ತಿಂಗಳುಗಳಿಗೆ ತಗದಿಡ್ರಿ, ತಿರುಗಾಟ ಕಡಿಮಿ ಮಾಡ್ರಿ. ಫ್ರೀಲಾನ್ಸ್ ಮಾಡ್ಕೊಂಡು ತಿರುಗ್ತೀನಿ ಅಂತೀರಾ, ಕನ್ನಡದಾಗ ಲೇಖನಕ್ಕ ಬರೋ ಸಂಭಾವನಿ ಎಷ್ಟು, ಯಾವಾಗ ಬರತೈತಿ ಅಂತ ನಿಮಗ ನಾ ಹೇಳೋ ಜರೂರಿ ಇಲ್ಲ.

ಡೆಸ್ಕಿಗೆ ಹೋಗ್ತೀನಿ ಅಂದ್ರ ಅದೂ ಒಂದು ದಾರಿ. ಮಂದಿ ಬರದದ್ದನ್ನ ಕತ್ತರಿಸಿ ಕತ್ತರಿಸಿ ಯಾವ ಶಬ್ದ ಹೆಚ್ಚಿಂದು ಅಂತ ಕಣ್ಣಿಗೆ ಕಾಣಾಕ ಹತ್ತತೈತಿ, ರಾತ್ರಿ ಪಾಳೆ ಆದ್ರ ಮುಂಜಾನಿ ಹೊತ್ತು ನಿಮ್ಮದು. ಆದ್ರ ದಿನಾ ಅದ ಮುಗಿಲು ಮುಟ್ಟಿದ ಆಕ್ರಂದನ ಓದಬೇಕು, ಹೊರಗಿನ ಮಂದಿ ಮಾತು ಕಿವಿಗೆ ಬೀಳೂದು ನಿಲ್ಲತೈತಿ. ಕಥಿಗಾರ್ತಿಗೆ ಕಿವಿ ಹೋದ್ರ ತ್ರಾಸ, ನಿಮ್ಮ ವಯಸ್ಸಿಗೆ ಈಗ ಬ್ಯಾಡ ಅನ್ನಸ್ತೈತಿ.

ನಾನಾಗಿದ್ರ, ಇರೋ ನೌಕರಿಯೊಳಗ ಇದ್ದು, ವರದಿ ಮಾಡಿದ ಜಾಗಕ್ಕ ಸುದ್ದಿ ಸತ್ತ ಮ್ಯಾಲ ಹೊಳ್ಳಿ ಹೋಗ್ತಿದ್ದೆ. ವಾರದ ರಜಾ ದಿನ, ಕಾರ್ಡು ಮನ್ಯಾಗ ಬಿಟ್ಟು. 2023ರ ಜೂನ್ 11ರಿಂದ ಶಕ್ತಿ ಯೋಜನಾ ಬಂದು ಹೆಣ್ಮಕ್ಕಳಿಗೆ ಸರ್ಕಾರಿ ಸಾದಾ ಬಸ್ಸಿನಾಗ ಟಿಕೆಟಿನ ರೊಕ್ಕ ಇಲ್ಲ, ಬಸ್ಸಿನಾಗ ಬಾಜೂಕ ಕುಂತಾಕಿ ಹುಬ್ಬಳ್ಳಿಯಿಂದ ಗದಗ ಮುಟ್ಟೂದ್ರಾಗ ತನ್ನ ಸಂಸಾರ ಪೂರಾ ಹೇಳಿರ್ತಾಳ. ತಾಲೂಕು ಊರಾಗ ಒಬ್ಬಾಕೀನ ಹೋಗಿ ಲಾಡ್ಜಿನಾಗ ರೂಮ್ ಕೇಳೋದು ಇನ್ನೂ ಕಿರಿಕಿರಿನ, ಅದಕ್ಕ ಸಂಜೀ ಬಸ್ಸಿಗೆ ಹೊಳ್ಳಿ ಬರೋವಷ್ಟು ದೂರ ಆರಿಸ್ಕೊಳ್ರಿ, ಇಲ್ಲಂದ್ರ ಬೀಗರು ಬಿಜ್ಜರು ಯಾರರ ಇರೋ ಊರು.

ಒಂದು ನಮೂನಿ ಹೇಳ್ತೀನಿ. 1980ರ ಜುಲೈ 21ಕ್ಕ ನರಗುಂದ, ನವಲಗುಂದದಾಗ ಮಲಪ್ರಭಾ ಕಾಲುವಿ ರೈತರು ಅಭಿವೃದ್ಧಿ ಕರದ ವಿರುದ್ಧ ಎದ್ದಾಗ ಗೋಲಿಬಾರ್ ಆಗಿ ರೈತರು ಸತ್ರು. ಪ್ರತಿ ವರ್ಷ ಅವತ್ತು ಹುತಾತ್ಮ ದಿನ, ಮುಖಂಡರು ಬರ್ತಾರ, ಹಾರ ಹಾಕ್ತಾರ, ಮಹದಾಯಿ ಬಗ್ಗೆ ಭಾಷಣ ಆಗತೈತಿ, ನಿಮ್ಮನ್ನೂ ಕಳಿಸಿರ್ತಾರ, ಹೋದ ವರ್ಷದ ವರದಿಯೊಳಗ ಹೆಸರು ಬದಲಿ ಮಾಡಿ ಬರದಿರ್ತೀರಿ (ಎಲ್ಲಾರೂ ಹಂಗ ಬರೀತಾರ, ಸುಳ್ಳ ಯಾಕ ಹೇಳ್ಬೇಕು). ಜುಲೈ 22ಕ್ಕ ಹೋಗ್ರಿ. ಪೆಂಡಾಲಿನವ ಶಾಮಿಯಾನಾ ಬಿಚ್ಚತಿರ್ತಾನ, ಅಂವಗ ಬಾಡಿಗಿ ಯಾರು ಕೊಡಬೇಕು ಅಂತ ಜಗಳ ನಡದಿರತೈತಿ. ಆವತ್ತು ಮೂಲ್ಯಾಗ ಕುಂತಿದ್ದ ಮುದುಕ ಇವತ್ತೂ ಅಲ್ಲೇ ಕುಂತಿದ್ರ ಅಂವ ಏನು ಮಾತಾಡ್ತಾನ ಕೇಳ್ರಿ. 1980ರ ಬಗ್ಗೆ ನೀವಾಗಿ ಕೇಳಬ್ಯಾಡ್ರಿ. ಬ್ಯಾಡಗಿಗೂ ಹಂಗ, ಸೋಮವಾರ, ಗುರುವಾರ ಟೆಂಡರ್ ದಿನ ಎಲ್ಲಾ ವರದಿಗಾರರೂ ಹೋಗ್ತಾರ, 2024ರ ಮಾರ್ಚಿನಾಗ ರೇಟು ಬಿದ್ದು ಗಾಡಿಗೆ ಬೆಂಕಿ ಬಿದ್ದಾಗಂತೂ ಕ್ಯಾಮೆರಾ ಇಡಾಕ ಜಾಗ ಇರ್ಲಿಲ್ಲ. ನೀವು ಸೀಸನ್ ಮುಗಿದ ಮ್ಯಾಲ, ಮಳಿಗಾಲದಾಗ, ಆ ಹೆಣ್ಮಗಳು ಕೆಲಸ ಇಲ್ದ ಮನ್ಯಾಗ ಇದ್ದಾಗ ಹೋಗ್ರಿ.

ಇನ್ನ ಆಕಿ "ಹಾಕಬ್ಯಾಡವಾ" ಅಂದ ಮಾತು. ಪೇಪರ್‌ನಾಗ ಬ್ಯಾಡ ಅಂದಾಳ, ಕಥಿಯೊಳಗ ಬ್ಯಾಡ ಅಂದಿಲ್ಲ ಅಂತ ನೀವು ಸಮಾಧಾನ ಮಾಡ್ಕೊಂಡೀರಿ, ಅದು ವಕೀಲರ ಜಾಣತನ. ಆಕಿ ನಿಮ್ಮನ್ನ ನಂಬಿ ಹೇಳ್ಯಾಳ. ಹೆಸರು ಬದಲಿ ಮಾಡಿದ್ರ ಸಾಕು ಅನ್ನೋದು ದೊಡ್ಡ ಭ್ರಮಾ. ನಿಮ್ಮ ಕಥಿಯೊಳಗ ಓಣಿ, ಮಗಳ ಕಾಲೇಜು, ಗಂಡ ಸತ್ತ ರೀತಿ ಎಲ್ಲಾ ಹಂಗ ಐತಿ, ಆ ಊರಾಗ ಓದಿದವರಿಗೆ ಎರಡನೇ ಪ್ಯಾರಾಕ್ಕ ಗುರ್ತು ಹತ್ತತೈತಿ. ಕಾನೂನಿನ ಲೆಕ್ಕದಾಗೂ ಹೆಸರು ಇತ್ತೋ ಇಲ್ಲೋ ಅನ್ನೋದಕ್ಕಿಂತ ಯಾರು ಅಂತ ತಿಳೀತೈತೋ ಇಲ್ಲೋ ಅನ್ನೋದು ಮುಖ್ಯ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತಾದ 356ನೇ ಕಲಂ ಕೆಳಗ ಬರತೈತಿ, ಎರಡು ವರ್ಷದ ತನಕ ಸಜಾ ಐತಿ. ಲೈಂಗಿಕ ದೌರ್ಜನ್ಯದ ಸಂಗತಿ ಆದ್ರಂತೂ 72ನೇ ಕಲಂ ಪ್ರಕಾರ ಸಂತ್ರಸ್ತೆ ಗುರ್ತು ಸಿಗೋ ಯಾವ ವಿವರನೂ ಪ್ರಿಂಟ್ ಮಾಡೋ ಹಂಗಿಲ್ಲ, ಇದು ಕಥಿ ಅಂದ್ರ ನಡಿಯೂದಿಲ್ಲ.

ನಾ ಹೇಳೋದು, ಆಕಿ ಹೇಳಿದ್ದನ್ನ ಬಿಡ್ರಿ. ಹೇಳೋ ಮುಂದ ಆಕಿ ಏನು ಮಾಡ್ತಿದ್ಲು, ಯಾರ ಕಡೆ ನೋಡಿದ್ಲು, ಹೇಳಿ ಮುಗಿಸಿದ ಮ್ಯಾಲ ಮೊದಲನೇ ಮಾತು ಏನಾಡಿದ್ಲು, ಅದನ್ನ ಇಟ್ಕೊಳ್ರಿ. ಗುಟ್ಟು ಬ್ಯಾರೆ ಕಟ್ಟಬಹುದು. ಅದ ಗುಟ್ಟು ಇಲ್ದ ಕಥಿ ನಿಲ್ಲೂದ ಇಲ್ಲ ಅಂದ್ರ ಹೋಗಿ ಕೇಳ್ರಿ, ಬ್ಯಾಡ ಅಂದ್ರ ಬ್ಯಾಡ.

ನೀವು ಕೇಳಿಲ್ಲ, ಆದ್ರ ಒಂದು ಹೇಳಿಬಿಡ್ತೀನಿ, ಮುಂದ ಉಪಯೋಗಕ್ಕ ಬರತೈತಿ. ಪೇಪರ್‌ಗೆ ಬರದ ವರದಿ, ನುಡಿಚಿತ್ರ ಎಲ್ಲಾ ಪೇಪರ್‌ನವರ ಆಸ್ತಿ ಅಂತ ಬಹಳ ಮಂದಿ ತಿಳ್ಕೊಂಡಾರ. 1957ರ ಕಾಪಿರೈಟ್ ಕಾಯ್ದೆ 17ನೇ ಕಲಂ ಪ್ರಕಾರ, ಬ್ಯಾರೆ ಒಪ್ಪಂದ ಇಲ್ಲಂದ್ರ, ನೌಕರಿಯೊಳಗ ಪತ್ರಿಕೆ ಸಲುವಾಗಿ ಬರದದ್ದನ್ನ ಪತ್ರಿಕೆ, ನಿಯತಕಾಲಿಕೆಯೊಳಗ ಪ್ರಕಟ ಮಾಡೋ ಹಕ್ಕು ಅಷ್ಟ ಮಾಲಕರದ್ದು, ಪುಸ್ತಕ ಮಾಡೋದು ಅದು ಇದು ಉಳಿದದ್ದೆಲ್ಲಾ ಬರದವರದ್ದು. ಆದ್ರ "ಬ್ಯಾರೆ ಒಪ್ಪಂದ ಇಲ್ಲಂದ್ರ" ಅನ್ನೋದ್ರಾಗ ಎಲ್ಲಾ ಐತಿ. ನಿಮ್ಮ ನೇಮಕಾತಿ ಪತ್ರ ತಗದು ಓದ್ರಿ, ಎಲ್ಲಾ ಹಕ್ಕೂ ಸಂಸ್ಥೆಯದ್ದು ಅಂತ ಸಣ್ಣ ಅಕ್ಷರದಾಗ ಸಹಿ ಮಾಡಿಸ್ಕೊಂಡಿದ್ರ, ನುಡಿಚಿತ್ರಗಳನ್ನ ಪುಸ್ತಕ ಮಾಡೋ ಮುಂಚೆ ಸಂಪಾದಕರಿಂದ ಒಂದು ಇಮೇಲ್ ಒಪ್ಪಿಗಿ ತಗೊಂಡು ಇಟ್ಕೊಳ್ರಿ, ಬಾಯಿಮಾತಿನ ಒಪ್ಪಿಗಿ ಸಂಪಾದಕರು ಬದಲಾದ ದಿನ ಹೋಗಿಬಿಡತೈತಿ.